ಜೀಗುಜ್ಜೆಗೆ ಅಡೆ ಹಾಕಿದ್ದು

ತಾಳ್ಮೆಗಿಂತ ದೊಡ್ಡ ಗುಣ ಮನುಷ್ಯನಿಗೆ ಇನ್ನೊಂದಿಲ್ಲ. ನನ್ನ ತಾಳ್ಮೆಯಿಂದ ಹಾಳಾದದ್ದು ಒಂದೇ ಒಂದು ಜೀಗುಜ್ಜೆ. ಆದರೆ ಆಗ ಮರದಲ್ಲಿ ಇದ್ದದ್ದೂ ಅದೊಂದೇ.

ತೊಂಬತ್ತರ ದಶಕದ ಕೊನೆ. ನಂಜನಗೂಡಿನಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿದ್ದ ಬ್ಯಾಂಕಿನವರು ಕರಾವಳಿಯವರು. ಅವರ ಮನೆಯಾಕೆ ತವರಿನಿಂದ ತಂದ ಜೀಗುಜ್ಜೆ ಸಸಿಯನ್ನು ಎಣ್ಣೆ ಡಬ್ಬದಲ್ಲಿ ಸಾಕಿಕೊಂಡಿದ್ದರು. ಅಷ್ಟರಲ್ಲಿ ತಿ. ನರಸೀಪುರಕ್ಕೆ ವರ್ಗವಾಯಿತು, ಅಲ್ಲಿ ಸಿಕ್ಕ ಮನೆಗೆ ಅಂಗಳವೆಂದರೆ ಬರೀ ಸಿಮೆಂಟು. ಆಕೆ ಡಬ್ಬವನ್ನು ನಮ್ಮ ಹಿತ್ತಲಲ್ಲಿ ಇಳಿಸಿ, "ಮೊದಲನೆಯದು ಮಾತ್ರ ನನಗೆ ಮುಟ್ಟಿಸಿ ಮಾರಾಯ್ರೆ. ಘಟ್ಟದ ಮೇಲೆ ಇದು ಆಗುವುದೇ ಇಲ್ಲ ಅಂತ ಊರಲ್ಲಿ ನಗಾಡ್ತಾರೆ. ಆದದ್ದನ್ನು ಒಮ್ಮೆ ತಿನ್ನಬೇಕು ನನಗೆ" ಎಂದರು. ನೀರು, ಗೊಬ್ಬರ, ಬಿಸಿಲು ಎಲ್ಲವನ್ನೂ ವಿವರಿಸಿದರು. ಹಲಸಿನ ಜಾತಿ ಎಂದೂ ತಿಳಿಸಿದರು. ತಿನ್ನುವ ಬಗೆ ಮಾತ್ರ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಲಸಿನ ವಿಷಯದಲ್ಲಿ ನಮ್ಮ ಕಡೆಯವನಿಗೆ ಇನ್ನೊಬ್ಬರು ಪಾಠ ಹೇಳುವುದೆಂದರೇನು?

ಡಬ್ಬ ಸೀಳಿ ನೆಟ್ಟೆ. ಚಳಿಗಾಲದಲ್ಲಿ ಗೋಣಿಚೀಲ ಹೊದಿಸಿದೆ. ಅಷ್ಟು ಉಪಚಾರ ಮಾವನವರಿಗೂ ನಡೆದದ್ದಿಲ್ಲವೆಂದು ಮನೆಯೊಳಗಿನಿಂದ ಹೆಂಡತಿಯ ಟೀಕೆ ಬಂತು. ಹುಲ್ಲಹಳ್ಳಿ ಕಡೆಯಿಂದ ಹಾಲು ತರುತ್ತಿದ್ದಾತ ಆ ಮೊರದಗಲದ ಎಲೆಗಳನ್ನು ನೋಡಿ ಹರಳೆಣ್ಣೆಯ ಗಿಡವೆಂದೇ ತಿಳಿದು, "ಔಡ್ಲ ಗಿಡಕ್ಕೆ ಯಾಕ್ ಸಾ ಇಷ್ಟ್ ಸೇವೆ?" ಎಂದು ಮರುಗಿದ.

ನಾಲ್ಕನೇ ವರ್ಷ, ಮಳೆ ಹಿಡಿಯುವ ಹೊತ್ತಿಗೆ, ಒಂದು ಕಾಯಿ ನಿಂತಿತು. ದಿನಾ ಬೆಳಿಗ್ಗೆ ಸ್ಟೂಲು ಹತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದೆ. ಬಲಿತಿದೆಯೆಂದು ಖಾತ್ರಿಯಾದ ದಿನ ಕೊಯ್ದು, ಭಾನುವಾರ ಬರುತ್ತೇನೆಂದು ಆಕೆಗೆ ಫೋನು ಮಾಡಿದೆ. ಅಂದೇ ಬಸ್ಸು ಹತ್ತಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಆದರೆ ಇಷ್ಟು ವರ್ಷ ಕಾದವರಿಗೆ ಕಲ್ಲಿನಂಥ ಕಾಯಿ ಕೊಟ್ಟು ಬರುವುದು ಮರ್ಯಾದೆಯೇ? ಒಣಹುಲ್ಲಿನಲ್ಲಿ ಅಡೆ ಹಾಕಿ, ಮೇಲೆ ಗೋಣಿ ಮುಚ್ಚಿ, ಹಣ್ಣಾಗಲು ಬಿಟ್ಟೆ. ಐದನೇ ದಿನ ಒತ್ತಿ ನೋಡಿದರೆ ಬೆರಳು ಒಳಗಿಳಿಯಿತು. ಘಮವೂ ಬಂದಿತ್ತು, ಅದನ್ನು ಘಮವೆಂದು ಒಪ್ಪುವವರಿಗೆ.

ಟವಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಮೂಗೂರಿಗೆ ಟಿಕೆಟು ತೆಗೆದಿದ್ದ ಪಕ್ಕದ ಹಿರಿಯರು ಮಗುವಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. ವಾಸನೆ ಹತ್ತಿದ ಮೇಲೆ ಎದ್ದು ನಿಂತರು.

ಆಕೆ ಹಿಟ್ಟು ಕಲಸಿ, ಬಾಣಲೆಯಲ್ಲಿ ಎಣ್ಣೆ ಕಾಯಲು ಇಟ್ಟಿದ್ದರು. ನಾನು ಟವಲು ಬಿಚ್ಚಿದೆ. ಆಕೆ ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು.

"ಇದನ್ನು ಗಟ್ಟಿ ಇರುವಾಗಲೇ ಹೆಚ್ಚಿ ಪೋಡಿ ಕರಿಯುವುದು ಮಾರಾಯ್ರೆ, ನಿಮ್ಮ ಬಜ್ಜಿಯ ಹಾಗೆ. ಹಣ್ಣು ಮಾಡುವುದಿಲ್ಲ."

"ನಮ್ಮಲ್ಲಿ ಮಾಡ್ತೀವಿ" ಎಂದೆ.

ಆಕೆ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾರಣ ನಾನು ವಿಚಾರಿಸಲಿಲ್ಲ. ಕಲಸಿದ ಹಿಟ್ಟು ದಂಡವಾಗಬಾರದೆಂದು ಈರುಳ್ಳಿ ಹೆಚ್ಚಿ, ಅದ್ದಿ ಕರಿದು ಕೊಟ್ಟರು. ಚೆನ್ನಾಗಿತ್ತು.

ಮರುವರ್ಷ ಮರ ಹನ್ನೊಂದು ಕಾಯಿ ಬಿಟ್ಟಿತು. ಅಷ್ಟರಲ್ಲಿ ಅವರಿಗೆ ಊರ ಕಡೆಗೇ ವರ್ಗವಾಗಿತ್ತು. ಅಲ್ಲಿ ಮನೆಗೊಂದು ಜೀಗುಜ್ಜೆ ಮರವಿದೆ.