ಮಿಷಿಗನ್ ನಿಂದು, ಮುಂದ ನಂದು

ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದೆ. ಎರಡು ವರ್ಷಗಳ ಹಿಂದಿನ ಡಿಸೆಂಬರ್, ಅಮೆರಿಕದ ಮಿಷಿಗನ್ ರಾಜ್ಯ. ಅದಕ್ಕೆ ಮೊದಲು ಇಪ್ಪತ್ತೈದು ವರ್ಷ ಬೆಂಗಳೂರಿನಲ್ಲಿ ಕಾರು ಓಡಿಸಿದ್ದೆ. ನನ್ನ ಉದ್ಯೋಗವೇನೆಂದು ಯಾರೂ ಕೇಳದಿದ್ದರೆ ಒಳ್ಳೆಯದಿತ್ತು. ನಾನು ಕಾರಿನ ಬ್ರೇಕ್ ವಿನ್ಯಾಸ ಮಾಡುವ ಎಂಜಿನಿಯರ್.

ಆ ವರ್ಷ ಕಂಪನಿ ನನ್ನನ್ನು ಆಬರ್ನ್ ಹಿಲ್ಸ್ ಆಫೀಸಿಗೆ ವರ್ಗ ಮಾಡಿತ್ತು. ನಾನೂ ಹೆಂಡತಿ ವಸುಧಾಳೂ ರಾಚೆಸ್ಟರ್ ಹಿಲ್ಸ್‌ನಲ್ಲಿ ಅಪಾರ್ಟ್‌ಮೆಂಟ್ ಹಿಡಿದೆವು. ಕಂಪನಿಯವರು ಬಂದ ವಾರವೇ ಕಾರು ಕೊಟ್ಟರು. ನಮ್ಮೂರ ಲೈಸೆನ್ಸ್ ಕೊಟ್ಟು ಇಲ್ಲಿಯದನ್ನು ಪಡೆಯುವುದೆಂದರೆ ಹಳೇ ಪಾತ್ರೆ ಕೊಟ್ಟು ಹೊಸದು ತಂದಷ್ಟೇ ಸುಲಭ ಎಂದು ನಂಬಿದ್ದೆ. ಲೈಸೆನ್ಸ್ ಕಚೇರಿಯ ಹೆಂಗಸು ನನ್ನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೆಲವು ದೇಶಗಳದ್ದಾದರೆ ಬದಲಾಯಿಸಿ ಕೊಡುತ್ತೇವೆ, ನಿಮ್ಮ ದೇಶ ಆ ಪಟ್ಟಿಯಲ್ಲಿಲ್ಲ, ಬರಹದ ಪರೀಕ್ಷೆ, ಕಣ್ಣಿನ ಪರೀಕ್ಷೆ, ರಸ್ತೆಯ ಪರೀಕ್ಷೆ ಎಲ್ಲವೂ ಆಗಬೇಕು ಎಂದಳು. ಮೊದಲೆರಡು ಪಾಸಾದೆ. ಕೈಗೆ ಒಂದು ತಾತ್ಕಾಲಿಕ ಪರ್ಮಿಟ್ ಬಂತು. ಅದರ ನಿಯಮ ಇಷ್ಟೆ: ಕಾರು ಓಡಿಸಬಹುದು, ಆದರೆ ಪಕ್ಕದಲ್ಲಿ ಲೈಸೆನ್ಸ್ ಇರುವ ದೊಡ್ಡವರೊಬ್ಬರು ಕೂತಿರಲೇಬೇಕು.

ರಸ್ತೆಯ ಪರೀಕ್ಷೆಯಲ್ಲಿ ನಾಲ್ಕು ಕಡೆಯೂ ಸ್ಟಾಪ್ ಬೋರ್ಡ್ ಇರುವ ಒಂದು ಕೂಡುರಸ್ತೆ ಬಂತು. ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಮೊದಲು ಬಂದವನು ನಾನೇ. ಆದರೆ ಎದುರಿನವನು ಮೂತಿ ತೂರಿಸಿಯೇ ತೂರಿಸುತ್ತಾನೆ ಎಂಬುದು ನನ್ನ ಇಪ್ಪತ್ತೈದು ವರ್ಷದ ವಿದ್ಯೆ. ಕಾದೆ. ಅವನೂ ಕಾದ. ನಾನು ಸಭ್ಯ ಮನುಷ್ಯನೆಂದು ತೋರಿಸಲು ಅವನಿಗೆ ‘ನೀವು ಹೋಗಿ’ ಎಂದು ಕೈ ಮಾಡಿದೆ. ಅವನು ನನಗೆ ಕೈ ಮಾಡಿದ. ಎಡಗಡೆಯ ಕಾರಿನವಳಿಗೂ ಮಾಡಿದೆ. ಬೀಗರ ಮನೆಯ ಊಟದ ಪಂಕ್ತಿಯಲ್ಲಿ ಮೊದಲು ಯಾರು ಕೂರಬೇಕು ಎನ್ನುವ ಹಾಗೆ ಉಪಚಾರ ನಡೆದೇ ನಡೆಯಿತು. ಹಿಂದೆ ಹಾರ್ನ್ ಕೇಳಿಸಿತು. ಅಮೆರಿಕದಲ್ಲಿ ನಾನು ಕೇಳಿದ ಮೊದಲ ಹಾರ್ನ್ ಅದು. ಪರೀಕ್ಷಕಿ ನಿಟ್ಟುಸಿರು ಬಿಟ್ಟು ಏನೋ ಬರೆದುಕೊಂಡಳು. ಕೊನೆಗೆ ಕೊಟ್ಟ ಕಾರಣ: ಅನಗತ್ಯವಾಗಿ ಬ್ರೇಕ್ ಹಾಕುತ್ತಾರೆ, ಅನಗತ್ಯವಾಗಿ ನಿಲ್ಲುತ್ತಾರೆ.

ಮಾರನೆಯ ದಿನ ಇಂಡಿಯನ್ ಅಂಗಡಿಯಲ್ಲಿ ಮೆಂತ್ಯ ಸೊಪ್ಪು ಆರಿಸುತ್ತ ವಸುಧಾ ಇದನ್ನೇ ಹೇಳಿ ಹೇಳಿ ನಗುತ್ತಿದ್ದಳು. ಪಕ್ಕದಲ್ಲಿ ಸೊಪ್ಪು ಆರಿಸುತ್ತಿದ್ದ, ಕೈಯಲ್ಲಿ ಊರುಗೋಲಿದ್ದ ಹಿರಿಯ ಹೆಂಗಸು ಥಟ್ಟನೆ ತಿರುಗಿ, “ಬ್ರೇಕ್ ಮಾಡಾವರೇ ಬ್ರೇಕ್ ಹಾಕಿ ಫೇಲಾದ್ರ?” ಎಂದು ಗಟ್ಟಿಯಾಗಿ ನಕ್ಕರು. ನಂತರ ತಮ್ಮ ನಂಬರ್ ಕೊಟ್ಟು, “ಬಾಜೂಕ ಕೂಡಾಕ ಮಂದಿ ಬೇಕಂದ್ರ ಫೋನ್ ಮಾಡ್ರಿ. ನಾ ರಿಟೈರ್ ಆಗೀನಿ, ಕುಂದರೂದೊಂದ ಕೆಲಸ” ಎಂದು ಹೊರಟೇಬಿಟ್ಟರು. ಹೆಸರು ಕೇಳುವುದು ಮರೆತಿತ್ತು. ವಸುಧಾ ಆ ನಂಬರನ್ನು ‘ಮೆಂತ್ಯ ಸೊಪ್ಪು’ ಎಂದು ಉಳಿಸಿಕೊಂಡಳು.

ನಮ್ಮ ಒಬ್ಬಳೇ ಮಗಳು ಮೇಘನಾ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿದ್ದಳು. ಚೊಚ್ಚಲ ಬಸುರಿ. ಹೆರಿಗೆಗೆ ಇನ್ನೂ ಮೂರು ವಾರವಿದೆ ಎಂದು ಡಾಕ್ಟರ್ ಹೇಳಿದ್ದರಿಂದ ಅಳಿಯ ತನ್ನ ತಂದೆಯ ಆಪರೇಷನ್‌ಗೆಂದು ಮೈಸೂರಿಗೆ ಹೋಗಿದ್ದ. ಆ ವಾರದ ಕೊನೆಗೆ ನಾವಿಬ್ಬರೂ ವಿಮಾನದಲ್ಲಿ ಮಗಳ ಬಳಿ ಹೋಗುವುದಿತ್ತು. ಕ್ರಿಸ್‌ಮಸ್‌ಗೆ ಮೊದಲಿನ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಿರುವಾಗ ಫೋನ್ ಬಂತು.

“ಅಮ್ಮಾ, ನೀರು ಹೋಗ್ಬಿಟ್ಟಿದೆ. ಪಕ್ಕದ ಮನೆಯವರು ಹಾಸ್ಪಿಟಲ್‌ಗೆ ಡ್ರಾಪ್ ಮಾಡ್ತಿದಾರೆ. ಈಗ್ಲೇ ಬನ್ನಿ. ಒಬ್ಳಿಗೇ ತುಂಬಾ ಭಯ ಆಗ್ತಿದೆ.”

ಹಿಂದಿನ ರಾತ್ರಿಯೆಲ್ಲ ಶಿಕಾಗೋದಲ್ಲಿ ಹಿಮ ಸುರಿದು ವಿಮಾನಗಳು ರದ್ದಾಗಿದ್ದವು. ರಸ್ತೆಗಳಿಗೆ ಮಾತ್ರ ಉಪ್ಪು ಎರಚಿ ಸ್ವಚ್ಛ ಮಾಡಿದ್ದಾರೆಂದು ಸುದ್ದಿಯಲ್ಲಿ ಬರುತ್ತಿತ್ತು. ಮುನ್ನೂರು ಮೈಲಿ ದಾರಿ. ಸಹೋದ್ಯೋಗಿಗಳೆಲ್ಲ ರಜೆಗೆ ಊರು ಬಿಟ್ಟಿದ್ದರು. ಹೊರಗೆ ಕಾರು ನಿಂತಿದೆ, ಒಳಗೆ ಬ್ರೇಕ್ ಎಂಜಿನಿಯರ್ ನಿಂತಿದ್ದಾನೆ, ಇಬ್ಬರಿಂದಲೂ ಉಪಯೋಗವಿಲ್ಲ.

“ಪರ್ಮಿಟ್ ಇದೆಯಲ್ಲ, ನಡೀರಿ ಹೋಗೋಣ” ಎಂದಳು ವಸುಧಾ.

“ನಿನಗೂ ಲೈಸೆನ್ಸ್ ಇಲ್ಲ. ಪೊಲೀಸ್ನೋರು ಹಿಡಿದ್ರೆ ಅರ್ಧ ದಾರೀಲೇ ಕೂರಿಸ್ತಾರೆ ಕಣೇ. ಆಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ.”

ಅವಳು ನನ್ನನ್ನು ಒಮ್ಮೆ ನೋಡಿ ‘ಮೆಂತ್ಯ ಸೊಪ್ಪಿ’ಗೆ ಫೋನ್ ಮಾಡಿದಳು. ನಾವು ಚೀಲಕ್ಕೆ ಬಟ್ಟೆ ತುಂಬುವಷ್ಟರಲ್ಲಿ ಅವರು ಬಾಗಿಲಲ್ಲಿದ್ದರು. ಹೆಸರು ಗಿರಿಜಾ, ಊರು ಗದಗ, ಡೆಟ್ರಾಯಿಟ್ ಸುತ್ತಮುತ್ತಲ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು.

“ಥ್ಯಾಂಕ್ಸ್ ಆಂಟಿ” ಎಂದೆ.

“ಐವತ್ತರ ಗಂಡಸು ನನಗ ಆಂಟಿ ಅಂತೀಯಲ್ಲೋ! ಅಕ್ಕಾ ಅನ್ನು. ಕೇಳು, ನನ್ನ ಮೊಣಕಾಲಿನ ಆಪರೇಷನ್ ಆಗಿ ಭಾಳ ದಿನ ಆಗಿಲ್ಲ. ಐದು ತಾಸು ಓಡಸಾಕ ಆಗೂದಿಲ್ಲ. ನಿನ್ನ ಕಡೆ ಕಾಲದಾವ, ನನ್ನ ಕಡೆ ಲೈಸೆನ್ಸ್ ಐತಿ. ಇಬ್ಬರೂ ಕೂಡಿದ್ರ ಒಬ್ಬ ಡ್ರೈವರ್.”

“ಆದ್ರೆ ಅಕ್ಕಾ, ಈ ಪರ್ಮಿಟ್ ಮಿಷಿಗನ್‌ದು. ದಾರೀಲಿ ಬರೋ ಬೇರೆ ರಾಜ್ಯಗಳಲ್ಲಿ, ಇಂಡಿಯಾನಾದಲ್ಲಿ, ಇಲಿನಾಯ್‌ನಲ್ಲಿ, ನಡೆಯುತ್ತೋ ಇಲ್ವೋ...”

“ಮಿಷಿಗನ್ ನಿಂದು, ಮುಂದ ನಂದು. ಹತ್ತು ಗಾಡಿ.”

ಹೊರಟೆವು. ಫ್ರೀವೇಯ ಎರಡೂ ಬದಿಗೆ ಹಿಮದ ಗುಡ್ಡೆ, ಪಕ್ಕದಲ್ಲಿ ಕೆಸರು ಎರಚುತ್ತ ಹೋಗುವ ಲಾರಿಗಳು. ನಾನು ಸ್ಟೀರಿಂಗ್ ಅನ್ನು ಪಾತಾಳಕ್ಕೆ ಬೀಳುವವನು ಬೇರು ಹಿಡಿದ ಹಾಗೆ ಹಿಡಿದಿದ್ದೆ. ಹಿಂದಿನ ಸೀಟಿನಲ್ಲಿ ವಸುಧಾ ಮಗಳ ಜೊತೆ ಫೋನಿನಲ್ಲಿ, “ಉಸಿರು ಬಿಡು ಪುಟ್ಟಿ, ನಿಧಾನ, ಬರ್ತಿದೀವಿ” ಎನ್ನುತ್ತಿದ್ದಳು. ಆ ‘ನಿಧಾನ’ ನನಗೂ ಅನ್ವಯಿಸುತ್ತದೆ ಎಂದುಕೊಂಡು ನಾನು ಇನ್ನಷ್ಟು ನಿಧಾನ ಮಾಡಿದೆನೇನೋ, ಗಿರಿಜಕ್ಕ ಕೇಳಿದರು:

“ತಮ್ಮಾ, ನಾವು ಮಗಳ ಹೆರಿಗೀಗೆ ಹೊಂಟೀವೋ, ಮೊಮ್ಮಗನ ಜವಳಕ್ಕ ಹೊಂಟೀವೋ?”

“ರಸ್ತೆ ಜಾರುತ್ತೆ ಅಕ್ಕಾ.”

“ರಸ್ತೆ ಒಣಗೇತಿ. ನಿನ್ನ ಎದಿ ಜಾರಾಕತ್ತೇತಿ.”

ಆಗಲೇ ಹಿಂದೆ ಕೆಂಪು-ನೀಲಿ ದೀಪ ಕಂಡಿತು. ನನ್ನ ಮನಸ್ಸಿನಲ್ಲಿ ಜೈಲು, ಗಡೀಪಾರು, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬೇಡಿ ಹಾಕಿಸಿಕೊಂಡು ಇಳಿಯುವ ದೃಶ್ಯ ಎಲ್ಲವೂ ಕ್ಷಣದಲ್ಲಿ ಮುಗಿದವು. ಪಕ್ಕಕ್ಕೆ ನಿಲ್ಲಿಸಿ ಪರ್ಮಿಟ್, ಪಾಸ್‌ಪೋರ್ಟ್, ಕಂಪನಿಯ ಪತ್ರ, ಭಾರತದ ಲೈಸೆನ್ಸ್ ಎಲ್ಲವನ್ನೂ ಕಿಟಕಿಯಿಂದ ಚಾಚಿದೆ. ಪೊಲೀಸಿನವನು ಪರ್ಮಿಟ್ ಒಂದನ್ನೇ ತೆಗೆದುಕೊಂಡ. ಗಿರಿಜಕ್ಕನ ಲೈಸೆನ್ಸ್ ನೋಡಿದ. ಹಿಂದಿನ ಸೀಟಿನಿಂದ ಫೋನಿನಲ್ಲಿ ಮಗಳು ನರಳುವುದು ಅವನಿಗೂ ಕೇಳಿಸಿತು. ಎಪ್ಪತ್ತು ಮೈಲಿ ವೇಗದ ಈ ರಸ್ತೆಯಲ್ಲಿ ನಲವತ್ತೈದರಲ್ಲಿ ಹೋಗುವುದು ಅಪಾಯ, ಉಳಿದವರ ಜೊತೆ ಸಮನಾಗಿ ಹೋಗಿ ಎಂದ. ನಂತರ ತಲೆ ಬಗ್ಗಿಸಿ ವಸುಧಾಳಿಗೆ, ಎಲ್ಲ ಒಳ್ಳೆಯದಾಗಲಿ ಎಂದು ಹೇಳಿ ಹೋದ. ಜೋರಾಗಿ ಹೋಗು ಎಂದು ಹೇಳುವ ಪೊಲೀಸನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

“ಸರ್ಕಾರದ ಆರ್ಡರ್ ಆತಲ್ಲ, ಇನ್ನರ ತುಳಿ” ಎಂದರು ಗಿರಿಜಕ್ಕ.

ತುಳಿದೆ. ಸ್ಟೀರಿಂಗ್ ಮೇಲಿನ ಬಿಗಿ ಹಿಡಿತ ಯಾವಾಗ ಸಡಿಲಾಯಿತೋ ತಿಳಿಯಲಿಲ್ಲ. ಅಕ್ಕ ದಾರಿಯುದ್ದಕ್ಕೂ ಮಾತಾಡಿಸುತ್ತಲೇ ಇದ್ದರು. ಹೆರಿಗೆ ಕೋಣೆಗಳ ಕಥೆ ಹೇಳಿದರು, ನೋವು ತಡೆಯಲು ಬೆನ್ನಿಗೆ ಕೊಡುವ ಇಂಜೆಕ್ಷನ್‌ಗೆ ಹೆದರಬೇಡ ಎಂದು ಫೋನಿನಲ್ಲೇ ಮೇಘನಾಗೆ ಹೇಳಿದರು. ನಾನು ಲಾರಿಯೊಂದನ್ನು ದಾಟಿದಾಗ “ಶಭಾಷ್” ಎಂದರು. ಕಾಲೇಜು ಬಿಟ್ಟ ಮೇಲೆ ನನಗೆ ಯಾರೂ ಶಭಾಷ್ ಅಂದಿರಲಿಲ್ಲ.

ಮಿಷಿಗನ್ ಗಡಿಗೆ ಮೊದಲಿನ ಕೊನೆಯ ವಿಶ್ರಾಂತಿ ತಾಣದಲ್ಲಿ ಸೀಟು ಬದಲಾಯಿಸಿದೆವು. ಅವರು ಕೋಲನ್ನು ನನ್ನ ಕೈಗೆ ಕೊಟ್ಟು ಸ್ಟೀರಿಂಗ್ ಮುಂದೆ ಕೂತರು. ಮುಂದಿನ ತೊಂಬತ್ತು ಮೈಲಿ ಅವರದು. ಶಿಕಾಗೋ ಹತ್ತಿರವಾದಂತೆ ವಾಹನಗಳು ಗಿಜಿಗುಟ್ಟಿದವು, ಮುಂದಕ್ಕೆ ಅರ್ಧ ಗಜ, ನಿಲ್ಲು, ಮತ್ತೆ ಅರ್ಧ ಗಜ. ನಾನು ಪೆಟ್ರೋಲಿನ ಮುಳ್ಳು, ಕನ್ನಡಿ, ಎಕ್ಸಿಟ್ ನಂಬರ್, ಆಕಾಶದ ಮೋಡ, ಎಲ್ಲವನ್ನೂ ಸರದಿಯ ಮೇಲೆ ನೋಡುತ್ತ ಚಿಂತೆ ಮಾಡಿದೆ. ಅಕ್ಕನ ಮಾತು ಕಡಿಮೆಯಾಯಿತು. ಟ್ರಾಫಿಕ್ ಕಡೆ ಗಮನವಿರಬೇಕು ಎಂದುಕೊಂಡೆ.

ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತ ಕೂಡಲೇ ವಸುಧಾ ಓಡಿದಳು. ನಾನು ಇಳಿದು ಸುತ್ತಿ ಬಂದು ಅಕ್ಕನ ಕಡೆಯ ಬಾಗಿಲು ತೆಗೆದೆ. ಅವರು ಇಳಿಯಲಿಲ್ಲ. ಎರಡೂ ಕೈಯಿಂದ ಬಲಗಾಲಿನ ತೊಡೆ ಹಿಡಿದು ಕೂತಿದ್ದರು. ಹಣೆಯ ತುಂಬ ಬೆವರು, ಹೊರಗೆ ನೀರು ಹೆಪ್ಪುಗಟ್ಟುವ ಚಳಿ.

“ಅಕ್ಕಾ!”

“ನೀ ಹೋಗೋ ಮೊದಲ. ನನ್ನ ಕಾಲು ಎಲ್ಲಿಗೂ ಹೋಗೂದಿಲ್ಲ.”

ಗಾಲಿಕುರ್ಚಿ ತಂದವರಿಗೆ ಅವರನ್ನು ಒಪ್ಪಿಸಿ ಹೋದೆ. ಮೇಘನಾ ಅಮ್ಮನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. “ಅಪ್ಪಾ, ನೀವು ಓಡಿಸ್ಕೊಂಡು ಬಂದ್ರಾ?” ಎಂದು ಆ ನೋವಿನಲ್ಲೂ ಕೇಳಿದಳು. ಸಂಜೆಯಾಗುವ ಮೊದಲು ಮೊಮ್ಮಗಳು ಹುಟ್ಟಿದಳು. ಅಜ್ಜಿಯ ನಂತರ ಅವಳನ್ನು ಎತ್ತಿಕೊಂಡವರು, ಮಂಡಿಗೆ ಐಸ್ ಕಟ್ಟಿಸಿಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದ ಗಿರಿಜಕ್ಕ. ನಾನು ಮೂರನೆಯವನು.

ಜನವರಿಯಲ್ಲಿ ಎರಡನೆಯ ಪರೀಕ್ಷೆ ಪಾಸಾದೆ. ಅಂದೂ ಜೊತೆಗೆ ಬಂದವರು ಅಕ್ಕನೇ. ಮರಳುವಾಗ ದಾರಿಯಲ್ಲಿ, ಮಾತಿಗೆ ಮಾತು ಬಂದು, ಅವರ ಮೂಳೆ ಡಾಕ್ಟರ್ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕಾರು ಓಡಿಸಕೂಡದು ಎಂದು ಆ ಪ್ರಯಾಣಕ್ಕೆ ಮೊದಲೇ ಹೇಳಿದ್ದರೆಂದು ಗೊತ್ತಾಯಿತು.

“ಯಾಕೆ ಹೇಳ್ಲಿಲ್ಲ ಅಕ್ಕಾ?”

“ಹೇಳಿದ್ರ ನೀ ಗಾಡಿ ಹೊಳ್ಳಿಸತಿದ್ದಿ.”

ನಿಜ, ಹೊಳ್ಳಿಸಿ ಮನೆಗೆ ವಾಪಸ್ ಹೋಗುತ್ತಿದ್ದೆ. ಆ ದಿನ ನಾನು ಹಿಮಕ್ಕೆ, ಲಾರಿಗೆ, ಪೊಲೀಸರಿಗೆ, ಪೆಟ್ರೋಲಿಗೆ, ಮೋಡಕ್ಕೆ ಹೆದರಿದೆ. ನಿಜವಾಗಿ ಚಿಂತೆ ಮಾಡಬೇಕಾಗಿದ್ದದ್ದು ನನ್ನಿಂದ ಒಂದು ಗೇಣು ದೂರದಲ್ಲಿತ್ತು. ಅದೊಂದನ್ನು ಮಾತ್ರ ಅವರು ನನ್ನ ಪಾಲಿಗೆ ಬಿಡದೆ ತಾವೇ ಇಟ್ಟುಕೊಂಡರು.