ಎರಡು ಒಲೆಗಳ ನಡುವಿನ ಹಾಡು

ಶಿಡ್ಲಘಟ್ಟದ ಹಿದಾಯತುಲ್ಲಾ ಅವರ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಗೂಡು ಎಷ್ಟು ಹೊತ್ತು ಬೇಯಬೇಕೆಂದು ಹೆಂಗಸರು ಹಾಡಿನಲ್ಲೇ ಅಳೆಯುತ್ತಾರೆ. ಮಳೆಗಾಲದ ತೆಳು ಗೂಡಿಗೆ ಎರಡು ಚರಣ, ಬೇಸಿಗೆಯ ಗಟ್ಟಿ ಗೂಡಿಗೆ ಮೂರು. ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಅಖ್ತರಿಯ ಬೆರಳ ತುದಿಗಳು ಸವೆದಿವೆ, ಗಂಟಲು ಸವೆದಿಲ್ಲ. ಅವಳು ಹಾಡುವುದು ಕೈವಾರದ ಕಡೆಯ ತೆಲುಗು ತತ್ವಪದ. ಕಲಿಸಿದವಳು ಪಕ್ಕದ ಒಲೆಯ, ಸಾದಲಿ ಊರಿನ ಅಶ್ವತ್ಥಮ್ಮ. ಆ ಅಶ್ವತ್ಥಮ್ಮ ಹಾಡುವುದು ಅಖ್ತರಿಯ ತಾಯಿಯ ಉರ್ದು ಮದುವೆ ಹಾಡು. ಯಾರ ಹಾಡು ಯಾರದ್ದೆಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಕೇಳಲು ತನುಜ ಬಂದಳು. ಸಮಾಜಶಾಸ್ತ್ರಜ್ಞೆ, ಜನರ ಹಾಡಿಗೂ ಜಾತಿ ಧರ್ಮದ ಗುರುತಿಗೂ ಇರುವ ನಂಟು ಅವಳ ಅಧ್ಯಯನ. ಕೈಯಲ್ಲಿ ಫಾರಂ: ಹೆಸರು, ಸಮುದಾಯ, ಸಮುದಾಯದ ಹಾಡು.

“ಯಾರಮ್ಮ ಕಳಿಸಿದ್ದು ನಿನ್ನ?” ಅಖ್ತರಿ ಕೇಳಿದಳು.

“ಯಾರೂ ಇಲ್ಲ. ಇದು ಸಂಶೋಧನೆ.”

“ಹೋದ್ಸಲ ಬಂದೋರೂ ಸರ್ವೆ ಅಂದ್ರು. ಆಮೇಲೆ ಯಾವ ಅಂಗಡಿ ಯಾವ ಜಾತಿಯೋರದ್ದು ಅಂತ ಪಟ್ಟಿ ಎಲ್ರ ಫೋನಲ್ಲೂ ಓಡಾಡ್ತು.”

ಹಿದಾಯತುಲ್ಲಾ ಬೆಳಿಗ್ಗೆಯೇ ಅಖ್ತರಿಯನ್ನು ಎಚ್ಚರಿಸಿದ್ದರು: “ನೀನು ಈ ತತ್ವಪದ ಹಾಡ್ತೀಯ ಅಂತ ಹೊರಗೆ ಗೊತ್ತಾದ್ರೆ ಎರಡೂ ಕಡೆಯೋರು ನನ್ನ ಬಾಗ್ಲಿಗೆ ಬರ್ತಾರೆ. ನಿಮ್ಮಿಬ್ರನ್ನೂ ಬೇರೆ ಬೇರೆ ಪಾಳಿಗೆ ಹಾಕ್ಬೇಕಾಗುತ್ತೆ, ನೋಡು.”

“ಬರ್ಕೊಳ್ಲಿ ಬಿಡೇ,” ಎಂದಳು ಅಶ್ವತ್ಥಮ್ಮ, “ನಾವೇನು ಗೂಡು ಕದ್ದಿದ್ದೀವಾ?”

ತನುಜ ಹೆಸರು ಬರೆದುಕೊಂಡಳು. ಸತ್ತ ಹುಳುವಿನ ವಾಸನೆ ತಾಳಲಾರದೆ, ಹಾಡು ಮುದ್ರಿಸಲು ಫೋನನ್ನು ಕಿಟಕಿಯಲ್ಲಿಟ್ಟು, ಮೂಗಿಗೆ ದುಪಟ್ಟಾ ಹಿಡಿದು ಅಂಗಳದಲ್ಲಿ ನಿಂತಳು. ಒಳಗೆ ಆವಿಯ ನಡುವೆ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಹಾಡಿದರು.

ಹದಿನೈದು ದಿನದ ಮೇಲೆ ಬರೆದದ್ದನ್ನು ಓದಿ ತೋರಿಸಲು ಮತ್ತೆ ಬಂದಳು. “ಅಖ್ತರಿಯವರ ಉರ್ದು ಹಾಡಿನಲ್ಲಿ ಅವರ ಸಮುದಾಯದ ಒಂಟಿತನ ಕೇಳಿಸುತ್ತದೆ. ಅಶ್ವತ್ಥಮ್ಮನವರ ತತ್ವಪದಕ್ಕೆ ಈ ಮಣ್ಣಿನಲ್ಲೇ ಬೇರಿದೆ…”

ಅಶ್ವತ್ಥಮ್ಮ ಹೊಟ್ಟೆ ಹಿಡಿದು ನಕ್ಕು, ಅಖ್ತರಿಯ ಕಿವಿಗೆ ಬಾಗಿದಳು: “ಒಂಟಿತನ ಅಂತೆ ಕಣೇ! ಅವತ್ತು ನಂಗೆ ನೆಗಡಿ.”

ಅಖ್ತರಿ ನಗಲಿಲ್ಲ. ತನುಜ ಯಾರ ದನಿ ಯಾವುದೆಂದು ಕೇಳಿಸಿಕೊಂಡಿರಲಿಲ್ಲ. ಹೆಸರು ನೋಡಿ ಹಾಡು ಹಂಚಿದ್ದಳು. ಆದರೆ ಆ ತಪ್ಪೇ ಅಖ್ತರಿಗೆ ರಕ್ಷಣೆ. ಬಾಯಿ ಮುಚ್ಚಿಕೊಂಡರೆ ಪಾಳಿ ಉಳಿಯುತ್ತದೆ, ಪಕ್ಕದ ಒಲೆಯವಳು ಉಳಿಯುತ್ತಾಳೆ. ಅಥವಾ ಬಾಯಿ ಬಿಡಿಸಲೆಂದೇ ಇವಳು ಹೀಗೆ ತಪ್ಪಾಗಿ ಬರೆದಳೋ? ಅಖ್ತರಿ ತನುಜಳ ಮುಖವನ್ನೇ ದಿಟ್ಟಿಸಿದಳು. ಅಲ್ಲಿ ಅರ್ಥವಾಗದ ಪೆಚ್ಚುತನ ಬಿಟ್ಟರೆ ಏನೂ ಕಾಣಲಿಲ್ಲ.

“ಉರ್ದು ಹಾಡಿದ್ದು ಇವ್ಳು. ತತ್ವಪದ ನಂದು,” ಎಂದಳು ಅಖ್ತರಿ, ಹಾಡು ಸುಳ್ಳಾಗುವುದನ್ನು ಸಹಿಸಲಾರದೆ.

ತನುಜ ಓದುತ್ತಿದ್ದ ಹಾಳೆ ಕೆಳಗಿಳಿಸಿದಳು. “ಹಾಗಾದ್ರೆ ನನ್ನ ಅಧ್ಯಾಯಾನೇ ಬದಲಾಗುತ್ತೆ.”

“ಆಗ್ಲಿ. ನಿಜಾನೇ ಬರಿ. ನಮ್ಮ ಹೆಸ್ರು, ಘಟಕದ ಹೆಸ್ರು, ಊರು, ಎಲ್ಲ ಹೊಡ್ದಾಕು. ನನ್ ಮುಂದೇನೇ.”

ತನುಜ ಗೀಟು ಎಳೆದಳು.

“ಫೋನಲ್ಲಿರೋದು?”

ಅಳಿಸಿ ತೋರಿಸಿದಳು.

“ಕಂಪ್ಯೂಟರಿಗೆ ಹಾಕಿರೋದು?”

“ಅದನ್ನೂ ಅಳಿಸ್ತೀನಮ್ಮ.”

“ನಾನು ಹೆಂಗಮ್ಮ ನೋಡ್ಲಿ ಅದನ್ನ?”

ತನುಜ ಚೀಲ ಎತ್ತಿಕೊಂಡು ಹೋದಳು. ಅಖ್ತರಿ ಹೊಸ ಗೂಡು ನೀರಿಗೆ ಸುರಿದಳು. ಅಶ್ವತ್ಥಮ್ಮ ಶುರುಮಾಡೆಂದು ಹುಬ್ಬು ಹಾರಿಸಿದಳು. ಅಖ್ತರಿ ಎದ್ದು ಹೋಗಿ ಬೀದಿ ಬಾಗಿಲಿಗೆ ಚಿಲಕ ಹಾಕಿದಳು, ಕಿಟಕಿಯನ್ನೂ ಎಳೆದುಕೊಂಡಳು. ಹಾಡುವುದಕ್ಕೆಂದು ಆ ಘಟಕದ ಬಾಗಿಲು ಮುಚ್ಚಿದ್ದು ಅದೇ ಮೊದಲು.