ಬಿದ್ದ ಕೋಡು

ಹೋದ ವರ್ಷ ಕೊಟ್ಟೂರಿನಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದೆ. ಸೂಜಿ ಚುಚ್ಚಿ ದವಡೆಯನ್ನು ಮರಗಟ್ಟಿಸಿದ್ದರಿಂದ ನೋವೇನೂ ಇರಲಿಲ್ಲ. ಅವರ ಸಣ್ಣ ಯಂತ್ರ ಗುಂಯ್ ಎನ್ನುತ್ತ ಹಲ್ಲನ್ನು ಕೊರೆಯತೊಡಗಿದಾಗ ಒಂದು ವಾಸನೆ ಎದ್ದಿತು. ಕೂದಲು ಸುಟ್ಟಂಥ, ಅದರೊಳಗೆ ಒಂದಿಷ್ಟು ಸುಣ್ಣ ಬೆರೆತಂಥ ವಾಸನೆ. ನನ್ನದೇ ಬಾಯಿಂದ ಬರುತ್ತಿದ್ದ ಅದು ನನ್ನನ್ನು ಎತ್ತಿಕೊಂಡು ಹೋಗಿ ಹಗರಿಬೊಮ್ಮನಹಳ್ಳಿಯ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ ನಿಲ್ಲಿಸಿತು. ಅಲ್ಲಿ ಬೇವಿನ ಮರದ ಕೆಳಗೆ ಕಮ್ಮಾರ ಕೂತು, ಕೆಂಪಗೆ ಕಾಯಿಸಿದ ಹೊಸ ಅಲಗಿನ ಬಾಲವನ್ನು ಇಕ್ಕಳದಲ್ಲಿ ಹಿಡಿದು, ಅಜ್ಜಿಯ ಚೂರಿಯ ಕೋಡಿನ ಹಿಡಿಕೆಯೊಳಗೆ ಒತ್ತುತ್ತಿದ್ದ. ಚುರ್ ಎಂದು ಹೊಗೆ ಏಳುತ್ತಿತ್ತು. ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಅಜ್ಜಿ ಮಾತ್ರ ಹಿಡಿಕೆ ಎಲ್ಲಿ ಸೀಳು ಬಿಟ್ಟೀತೋ ಎಂದು ಕದಲದೆ ಎದುರಿಗೇ ಕೂತಿರುತ್ತಿದ್ದಳು. ಡಾಕ್ಟರು ಯಂತ್ರ ನಿಲ್ಲಿಸಿ, "ನೋವಾತೇನ್ರಿ?" ಎಂದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಬಾಯಿ ತುಂಬ ಹತ್ತಿ ತುಂಬಿಕೊಂಡವಳು ಏನು ಹೇಳಲಿ, ಸುಮ್ಮನೆ ತಲೆಯಾಡಿಸಿದೆ.

ನಮ್ಮದು ಹುಣಸೆಹಣ್ಣಿನ ವ್ಯಾಪಾರದ ಮನೆ. ಶಿವರಾತ್ರಿ ಹತ್ತಿರ ಬಂತೆಂದರೆ ಕೂಡ್ಲಿಗಿ, ಕಾನಹೊಸಹಳ್ಳಿ ಕಡೆಯಿಂದ ಚೀಲಗಟ್ಟಲೆ ಹಣ್ಣು ಬಂದು ಪಡಸಾಲೆಯಲ್ಲಿ ಬೀಳುತ್ತಿತ್ತು. ಗೋಡೆ, ಕಂಬ, ಕೌದಿ, ನಮ್ಮ ಶಾಲೆಯ ಚೀಲ, ಕೊನೆಗೆ ಕುಡಿಯುವ ನೀರು ಕೂಡ ಹುಳಿ ವಾಸನೆ ಹೊಡೆಯುತ್ತಿತ್ತು. ಓಣಿಯ ಹೆಂಗಸರು ಸಾಲಾಗಿ ಕೂತು ಓಡು ಬಿಡಿಸಿ, ನಾರು ಎಳೆದು, ಬೀಜ ತೆಗೆಯುತ್ತಿದ್ದರು. ಎಲ್ಲರಿಗಿಂತ ಮುಂದೆ, ಕಂಬಕ್ಕೆ ಬೆನ್ನು ಕೊಟ್ಟು ಅಜ್ಜಿ. ಅವಳು ಹಣ್ಣಿನ ಬೆನ್ನನ್ನು ಚೂರಿಯ ತುದಿಯಿಂದ ಒಮ್ಮೆ ಸೀಳಿದರೆ ಬೀಜಗಳು ತಾವಾಗಿ ಹೊರಗೆ ಬರುತ್ತಿದ್ದವು. ನಾವು ಲಿಂಗ ಕಟ್ಟಿದವರು. ಅಜ್ಜಿ ಬೆಳಿಗ್ಗೆ ಪೂಜೆ ಮುಗಿಸದೆ ಹನಿ ನೀರೂ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆದು ಬಾ ಎಂದು ಹಿತ್ತಲಿಗೆ ಅಟ್ಟುತ್ತಿದ್ದಳು. ಅಂಥ ಮನೆಯಲ್ಲಿ, ಅಂಥವಳ ಕೈಯಲ್ಲೇ ಕಾಡುಮೃಗದ ಕೋಡು ಇತ್ತೆಂಬುದು ಚಿಕ್ಕವಳಾಗಿದ್ದಾಗ ನನಗೆ ವಿಚಿತ್ರವೆಂದು ತೋರಿರಲಿಲ್ಲ. ಮನೆಯಲ್ಲಿ ಇದ್ದದ್ದೆಲ್ಲ ಇರಬೇಕಾದ್ದೇ ಎಂದುಕೊಂಡಿದ್ದೆ.

ಕಡವೆಯ ಕೋಡು ಅದು. ಬೂದಿ ಮೆತ್ತಿದ ಕಂದು ಬಣ್ಣ, ಉದ್ದಕ್ಕೂ ಒಣಗಿದ ಹಳ್ಳದಂಥ ಗೀರುಗಳು, ನಡುನಡುವೆ ಸಣ್ಣ ಗಂಟುಗಳು. ಬುಡದಲ್ಲಿ ಮಣಿ ಪೋಣಿಸಿದ ಹಾಗೆ ಒಂದು ಉಬ್ಬಿದ ಸುತ್ತು. ಆ ಬುಡ ಕಾಣದಂತೆ ಕಮ್ಮಾರ ಅರಗು ಹಾಕಿ ಒಂದು ಹಿತ್ತಾಳೆ ಬಿಲ್ಲೆ ಕೂರಿಸಿದ್ದ. ಹುಳಿ ಕೈ ತಾಗಿ ತಾಗಿ ಬಿಲ್ಲೆ ಸದಾ ಮಿಂಚುತ್ತಿತ್ತು. ಹೆಬ್ಬೆರಳು ಕೂರುವ ಜಾಗದಲ್ಲಿ ಗೀರುಗಳೆಲ್ಲ ಸವೆದು ದಂತದ ಹಾಗೆ ನುಣುಪಾಗಿತ್ತು. ಮರದ ಹಿಡಿಕೆ ಹುಳಿನೀರು ಕುಡಿದು ಕೊಳೆಯುತ್ತದೆ, ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ, ಎರಡೂ ಒದ್ದೆ ಕೈಯಲ್ಲಿ ಜಾರುತ್ತವೆ. ಕೋಡು ಜಾರುವುದಿಲ್ಲ. ಬೇಸಿಗೆಯಲ್ಲೂ ಅಂಗೈಗೆ ತಣ್ಣಗೆ ಕೂರುತ್ತದೆ, ಸ್ವಲ್ಪ ಹೊತ್ತಿಗೆ ಮೈಯಷ್ಟೇ ಬೆಚ್ಚಗಾಗುತ್ತದೆ. ಅಲಗುಗಳು ಮಸೆದು ಮಸೆದು ಸವೆದು ಹೋಗುತ್ತಿದ್ದವು, ಹೊಸವು ಬರುತ್ತಿದ್ದವು. ಹಿಡಿಕೆ ಮಾತ್ರ ಅದೇ. ಈಗ ಅಂಗಡಿಗಳಲ್ಲಿ ಹಸಿರು, ಕೆಂಪು ಪ್ಲಾಸ್ಟಿಕ್ ಹಿಡಿಕೆಯ ಚಾಕುಗಳು ಸಾಲಾಗಿ ನೇತಾಡುವುದನ್ನು ಕಂಡಾಗ, ಯಾವುದನ್ನು ತೆಗೆದುಕೊಂಡರೂ ಒಂದೇ ಎಂಬ ಬೇಸರ ನನಗೆ. ಕೋಡಿನ ಹಿಡಿಕೆಗೆ ಅವಳಿ ಇರುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದಿರಬೇಕು. ಯಾರ ಕೈಗೆ ಒಗ್ಗಿತ್ತೋ ಅವರು ಹೋದ ಮೇಲೆ ಬೇರೆಯವರ ಕೈಗೆ ಸರಿಯಾಗಿ ಕೂರದೆ ಉಳಿದದ್ದು.

ಚೂರಿಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ಕಡೆ ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇಡುತ್ತಾರೆ, ಕೂಸಿಗೆ ಗಾಳಿ ಸೋಕದಿರಲೆಂದು. ನಮ್ಮ ಮನೆಯಲ್ಲಿ ಅದು ಕೋಡಿನ ಚೂರಿಯೇ ಆಗಬೇಕು, ಅಜ್ಜಿಯೇ ಇಡಬೇಕು. ನನ್ನ ಅವ್ವ ನನ್ನನ್ನು ಎತ್ತಿಕೊಂಡು ತವರಿಂದ ಬಂದ ದಿನವೂ ಅಜ್ಜಿ ಚೂರಿಯನ್ನು ತೊಳೆದು, ವಿಭೂತಿ ಹಚ್ಚಿ, ದಿಂಬು ಎತ್ತಿ ಇಟ್ಟಿದ್ದಳಂತೆ. ಆಗ ಅವಳ ಮುಖ ನೋಡಬೇಕಿತ್ತು, ಊರಿನ ಅಗಸೆ ಬಾಗಿಲ ಕೀಲಿ ತನ್ನ ಕೈಯಲ್ಲೇ ಇದ್ದ ಹಾಗೆ, ಎಂದು ಅವ್ವ ನಗುತ್ತಿದ್ದಳು.

ಆ ಕೋಡನ್ನು ತಂದುಕೊಟ್ಟವನು ಮೈಲಾರಪ್ಪ. ಕಾನಹೊಸಹಳ್ಳಿ ಹತ್ತಿರದ ಅಜ್ಜಿಯ ತವರೂರಿನ ಕುರಿಗಾಹಿ. ಅಜ್ಜಿಗೆ ಒಡಹುಟ್ಟಿದ ಗಂಡುಮಕ್ಕಳಿರಲಿಲ್ಲ. ಎಳೆಯ ವಯಸ್ಸಿಗೇ ಮದುವೆಯಾಗಿ ಬಂದು ಇಲ್ಲಿ ಮೂಲೆ ಹಿಡಿದು ಅಳುತ್ತಿದ್ದ ಕಾಲದಲ್ಲಿ, ಪ್ರತಿ ವರ್ಷ ಕುರಿ ಹೊಡೆದುಕೊಂಡು ಹಂಪಸಾಗರದ ಕಡೆ ಹೊಳೆದಂಡೆಗೆ ಹೋಗುವಾಗ ಅವನು ನಮ್ಮ ಬಾಗಿಲಿಗೆ ಬಂದು, "ತಂಗೆವ್ವಾ" ಎಂದು ಕೂಗುತ್ತಿದ್ದನಂತೆ. ಕಂಬಳಿಯ ಗಂಟಿನಲ್ಲಿ ಅವಳ ತಾಯಿ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ ಇರುತ್ತಿತ್ತು. ಅಜ್ಜಿಗೆ ಮೊದಲ ಕೂಸು ಹುಟ್ಟಿದಾಗ ಆ ಗಂಟಿನಿಂದ ಈ ಕೋಡು ಹೊರಬಂತು. ಸಂಡೂರು ಗುಡ್ಡದ ಕಡೆ ಮೇಯಿಸಲು ಹೋದಾಗ ಸಿಕ್ಕಿದ್ದಂತೆ. ಅಜ್ಜಿ ಮುಟ್ಟಲು ಹಿಂಜರಿದಳು. ಆಗ ಅವನು ಸೊಂಟದ ಚೀಲ ಬಿಚ್ಚಿ, ಅದರಲ್ಲಿದ್ದ ಮೈಲಾರಲಿಂಗನ ಭಂಡಾರ, ಎಂದರೆ ಪೂಜೆಯ ಅರಿಶಿನದ ಪುಡಿಯನ್ನು ಮುಟ್ಟಿ, "ಕಡಿದದ್ದಲ್ಲ ತಂಗೆವ್ವ, ಬಿದ್ದದ್ದು. ಕಡವಿ ವರ್ಷಕ್ಕೊಮ್ಮಿ ತಾನಾಗೇ ಕ್ವಾಡು ಉದುರಸತೈತಿ. ಒಂದ್ ಹನಿ ರಕ್ತ ಬಿದ್ದಿಲ್ಲ" ಎಂದನಂತೆ. ಭಂಡಾರ ಮುಟ್ಟಿದ ಕುರುಬ ಸುಳ್ಳು ಹೇಳುವುದುಂಟೇ? ಅಂದಿನಿಂದ ಅದು ಅಜ್ಜಿಯ ಬಾಯಲ್ಲಿ 'ಬಿದ್ದ ಕ್ವಾಡು'. ನಾನು ಕಂಡಾಗ ಮೈಲಾರಪ್ಪನ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನಾನು ಎರಡನೆಯ ಇಯತ್ತೆಯಲ್ಲಿದ್ದ ವರ್ಷ ಅವನು ಬರಲಿಲ್ಲ. ಮರುವರ್ಷ ಅವನ ಮಗ ಬಂದು ಅಪ್ಪ ತೀರಿಕೊಂಡ ಸುದ್ದಿ ಹೇಳಿದಾಗ, ಅಜ್ಜಿ ತವರಿನವರು ಸತ್ತಾಗ ಮಾಡುವ ಹಾಗೆ ತಲೆಗೆ ನೀರು ಹೊಯ್ದುಕೊಂಡಳು.

ಅಷ್ಟೊತ್ತಿಗೆ ನಮ್ಮ ಚಿಕ್ಕಪ್ಪನ ಮದುವೆಯಾಗಿತ್ತು. ಚಿಗವ್ವ ಹರಪನಹಳ್ಳಿಯವಳು. ಮೊದಲ ಹೆರಿಗೆಗೆ ತವರಿಗೆ ಹೋದವಳು ಬರಿಗೈಯಲ್ಲಿ ಬಂದಳು, ಕೂಸು ಉಳಿದಿರಲಿಲ್ಲ. ಎಷ್ಟೋ ದಿನ ಅವಳು ಹುಣಸೆಹಣ್ಣಿನ ರಾಶಿಯ ಮುಂದೆ ಕೂತು ಒಂದೇ ಬೀಜವನ್ನು ಬೆರಳಲ್ಲಿ ತಿರುಗಿಸುತ್ತಿದ್ದುದು ನನಗೆ ನೆನಪಿದೆ. ಮತ್ತೆ ಬಸುರಾದಾಗ ಈ ಸಲ ಬಾಣಂತನ ಇಲ್ಲೇ ಆಗಲಿ ಎಂದು ಅಜ್ಜಿ ಹಟ ಹಿಡಿದಳು. ಚಿಗವ್ವನ ತಾಯಿ ಮಗಳ ಜೊತೆಗಿರಲು ಹರಪನಹಳ್ಳಿಯಿಂದ ಬಂದರು. ಕೆಟ್ಟ ಹೆಂಗಸಲ್ಲ, ಒಂದು ಮೊಮ್ಮಗುವನ್ನು ಮಣ್ಣು ಮಾಡಿ ಬಂದವರು. ಬಾಣಂತಿ ಕೋಣೆಗೆ ಸುಣ್ಣ ಬಳಿದ ದಿನ ಅಜ್ಜಿ ಎಂದಿನಂತೆ ಚೂರಿಯನ್ನು ತೊಳೆದು ಒಣಗಲು ಕಟ್ಟೆಯ ಮೇಲೆ ಇಟ್ಟಿದ್ದಳು. ಬೀಗತಿ ಅದನ್ನು ನೋಡಿದರು.

"ಇದನ್ನ ನನ್ ಮಗಳ ತಲೆ ಕೆಳಗೆ ಇಡ್ತೀರೇನ್ರಿ? ಲಿಂಗ ಕಟ್ಟಿದ ಮನೆಯಾಗೆ ಸತ್ತ ಪ್ರಾಣಿ ಎಲುಬು?"

"ಎಲುಬಲ್ರಿ ಬೀಗರ, ಕ್ವಾಡು. ಬಿದ್ದ ಕ್ವಾಡು" ಎಂದಳು ಅಜ್ಜಿ.

"ಬಿದ್ದದ್ದೋ ಕಡಿದದ್ದೋ, ನೋಡಿದೋರು ಯಾರು? ಒಂದ್ಸಲ ಕಳ್ಕೊಂಡದ್ದೇ ಸಾಕು ನಮಗೆ."

ಮಾತಿಗೆ ಮಾತು ಬೆಳೆಯಿತು. ಹೊರಗೆ ಗಾದಿಯ ಮೇಲೆ ಕೂತಿದ್ದ ಅಜ್ಜ ಒಳಗೆ ಬಂದ. ಅವನು ವ್ಯಾಪಾರಸ್ಥ, ಯಾವ ಜಗಳವನ್ನೂ ತಕ್ಕಡಿಗೆ ಹಾಕಿ ಮುಗಿಸುವವನು. "ಇಷ್ಟಕ್ಯಾಕ ಕೂಗಾಟ? ಆ ಬಿಲ್ಲಿ ಕಿತ್ತು ನೋಡಿದ್ರಾತು. ತಾನಾಗೇ ಬಿದ್ದಿದ್ರ ಬುಡ ಉಬ್ಬಿರತೈತಿ, ಕಡಿದಿದ್ರ ಗರಗಸದ ಗೀರು ಇರತೈತಿ" ಎಂದವನೇ ಇಕ್ಕಳ ತರಿಸಿದ. ಅಜ್ಜಿ ಚೂರಿಯನ್ನು ಎತ್ತಿಕೊಂಡು ಬಿಲ್ಲೆಯ ಮೇಲೆ ಅಂಗೈ ಮುಚ್ಚಿದಳು.

"ಬ್ಯಾಡ."

"ಯಾಕ?"

"ಅವ ಭಂಡಾರ ಮುಟ್ಟಿ ಹೇಳ್ಯಾನ. ಈಗ ಕಿತ್ತು ನೋಡಿದ್ರ ಅವನ್ನ ಸುಳ್ಳ ಅಂದಂಗಾತು. ಸತ್ತವ ಎದ್ದು ಬಂದು ಏನಂತ ಹೇಳಾನ?"

"ನೋಡಿದ್ರ ಅವನ ಮಾತು ಖರೇ ಅಂತ ಗೊತ್ತಾಗತೈತಲ್ಲ!"

"ನನಗ ಗೊತ್ತೈತಿ" ಎಂದಳು ಅಜ್ಜಿ.

ಆ ಹೊತ್ತಿಗೆ ಚಿಗವ್ವ ಹೊಟ್ಟೆ ಹಿಡಿದುಕೊಂಡು ಕೋಣೆಯ ಬಾಗಿಲಿಗೆ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು. "ಅತ್ತೆ, ನಂಗೆ ಹೆದರಿಕೆ ಆಗ್ತೈತೆ" ಎಂದಳು, ಅಷ್ಟೇ. ನಾನು ಅಜ್ಜಿಯ ಸೆರಗು ಹಿಡಿದುಕೊಂಡು ನಿಂತಿದ್ದೆ. ಅಜ್ಜಿ ಚಿಗವ್ವನ ಕಡೆ ತಿರುಗಿದಳು. "ಹೆದರಬ್ಯಾಡವ್ವ. ಇಡಂಗಿಲ್ಲ ಬಿಡು" ಎಂದು ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಿಗೆ ಹೋದಳು. ಕುಡಗೋಲನ್ನು ತಿಕ್ಕಿ ತೊಳೆದು ತಂದು ಬೀಗತಿಯ ಮುಂದೆ ಇಟ್ಟು, "ನೀವಾ ಇಡ್ರಿ" ಎಂದಳು. ಅವಳು ಹೀಗೆ ಬೇರೆಯವರಿಗೆ ಜಾಗ ಬಿಟ್ಟುಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನಗೆ ಬೀಗತಿಯ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವರ ತಟ್ಟೆಗೆ ಉಪ್ಪು ಸುರಿಯುವ ಯೋಚನೆ ಕೂಡ ಮಾಡಿದ್ದೆ.

ಗಂಡು ಕೂಸು ಹುಟ್ಟಿತು, ಉಳಿಯಿತು. ಅಜ್ಜಿ ದಿನವೂ ಚಿಗವ್ವನಿಗೆ ಎಣ್ಣೆ ತಿಕ್ಕಿ ನೀರು ಹಾಕಿದಳು, ಲೋಬಾನದ ಹೊಗೆ ಹಾಕಿದಳು, ಕೊಬ್ಬರಿ ಉಂಡೆ ಕಟ್ಟಿದಳು. ಒಂದು ಸಲವೂ ಚುಚ್ಚಿ ಮಾತಾಡಲಿಲ್ಲ. ಆದರೆ ಮನೆಯಲ್ಲಿ ಒಂದು ಅನುಮಾನ ಹುಟ್ಟಿತಲ್ಲ, ಅದು ಹೋಗಲಿಲ್ಲ. ಅಡುಗೆಮನೆಗೆ ಚೂರಿ ಬಂದರೆ ನನ್ನ ಅವ್ವನೂ ಅದನ್ನು ಮುಟ್ಟದೆ ಬೇರೆ ಚಾಕು ಹುಡುಕುತ್ತಿದ್ದಳು. ಅಜ್ಜಿ ಇದನ್ನೆಲ್ಲ ಗಮನಿಸಿದಳು. ಹಗಲು ಹುಣಸೆಹಣ್ಣಿಗೆ ಚೂರಿಯನ್ನು ತಾನೊಬ್ಬಳೇ ಬಳಸುತ್ತಿದ್ದಳು, ಮಲಗುವಾಗ ತನ್ನ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ಮಲಗುತ್ತಿದ್ದವಳು ನಾನು. ಒಂದು ದಿನ ದಿಂಬಿನ ಕೆಳಗೆ ಕೈಗೆ ಕೋಡು ತಾಗಿ, "ನಿನಗ್ಯಾಕಜ್ಜಿ ಚೂರಿ? ನೀ ಏನು ಬಾಣಂತಿಯೇನು?" ಎಂದು ನಕ್ಕೆ. ಅವಳೂ ನಕ್ಕಳು. "ಅದಕ್ಕೂ ಒಂದ್ ಜಾಗ ಬೇಕಲ್ಲಬೇ" ಎಂದಳು.

ನಾನು ಕಾಲೇಜಿಗೆ ಸೇರಿದ ವರ್ಷ ಅಜ್ಜಿ ಹೋದಳು. ಚೂರಿ ಅಜ್ಜನ ಕೈಗೆ ಬಂತು. ಈಗ ತಡೆಯುವವರು ಯಾರೂ ಇರಲಿಲ್ಲ, ಇಕ್ಕಳವೂ ಅಲ್ಲೇ ಗೂಟಕ್ಕೆ ನೇತಾಡುತ್ತಿತ್ತು. ಆದರೂ ಅವನು ಬಿಲ್ಲೆ ಕೀಳಲಿಲ್ಲ. ಅವನೂ ಹೋದ ಮೇಲೆ ಅಪ್ಪ, ಚಿಕ್ಕಪ್ಪ ಬೇರೆಯಾದರು. ಹುಣಸೆಹಣ್ಣಿನ ವ್ಯಾಪಾರ ನಿಂತಿತು. ಆ ಪಡಸಾಲೆ, ಆ ಕಂಬ, ಬೇವಿನ ಮರ ಯಾವುದೂ ಈಗಿಲ್ಲ; ಅಲ್ಲಿ ಶಟರ್ ಹಾಕಿದ ಮಳಿಗೆಗಳು ನಿಂತಿವೆ. ಪಾಲಿನ ದಿನ ತಾಮ್ರದ ಹಂಡೆ, ಹಿತ್ತಾಳೆ ಕೊಪ್ಪರಿಗೆಗಳ ಮಾತು ನಡೆದಾಗ ಚಿಗವ್ವ ಯಾವುದನ್ನೂ ಕೇಳಲಿಲ್ಲ. ಕೊನೆಗೆ, "ನಂಗೇನೂ ಬೇಡ, ಅತ್ತೆ ಚೂರಿ ಕೊಡ್ರಿ" ಎಂದಳು. ಎಲ್ಲರೂ ಅವಳ ಮುಖ ನೋಡಿದರು.

ಹಲ್ಲು ಕೊರೆಸಿಕೊಂಡು ಬಂದ ವಾರವೇ ನಾನು ಹಡಗಲಿಯ ಬಸ್ಸು ಹತ್ತಿದೆ. ಚಿಗವ್ವ ಈಗ ಅಲ್ಲಿ ಮಗನ ಜೊತೆ ಇದ್ದಾಳೆ. ಅಂದು ಹುಟ್ಟಿದ ಕೂಸು ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಹೆಂಡತಿ ಬಾಣಂತಿ. ಚೂರಿ ನೋಡಬೇಕು ಎಂದಾಗ ಚಿಗವ್ವ ನನ್ನನ್ನು ಕೋಣೆಗೆ ಕರೆದುಕೊಂಡು ಹೋಗಿ, ಸೊಸೆಯ ದಿಂಬು ಎತ್ತಿ ತೆಗೆದುಕೊಟ್ಟಳು. "ಅವತ್ತು ನಾನ್ ಹೆದ್ರಿದ್ದಕ್ಕೆ ಅತ್ತೆ ಸೋತ್ರು ಕಣೇ. ಒಂದ್ ದಿನಾನೂ ಅದನ್ನ ಎತ್ತಿ ಆಡ್ಲಿಲ್ಲ" ಎಂದಳು. ಹೊರಗೆ ಬಂದು ಬೆಳಕಿಗೆ ಹಿಡಿದು, ಹೆಬ್ಬೆರಳನ್ನು ಆ ನುಣುಪು ಜಾಗದಲ್ಲಿಟ್ಟು ಹಿಡಿಕೆಯನ್ನು ಒತ್ತಿದೆ. ಅರಗು ಒಣಗಿ ಪುಡಿಯಾಗಿತ್ತೆಂದು ತೋರುತ್ತದೆ, ಬಿಲ್ಲೆ ಕಳಚಿ ಟಣ್ ಎಂದು ನೆಲಕ್ಕೆ ಬಿತ್ತು.

ಕೋಡಿನ ಬುಡ ನನ್ನ ಕಣ್ಣ ಮುಂದೆಯೇ ಇತ್ತು. ಉಬ್ಬಿ, ತರಿತರಿಯಾಗಿ, ಕುಂಬಳಕಾಯಿಯ ತೊಟ್ಟು ಕಳಚಿದ ಜಾಗದ ಹಾಗೆ. ಗರಗಸದ ಒಂದು ಗೀರೂ ಇರಲಿಲ್ಲ. "ಚಿಗವ್ವಾ, ನೋಡಿಲ್ಲಿ" ಎಂದೆ. ಅವಳು ಆಗಲೇ ಮುಖ ತಿರುಗಿಸಿ ನಿಂತಿದ್ದಳು. "ಹೇಳ್ಬೇಡ" ಎಂದಳು. "ಅತ್ತೆ ನೋಡ್ಲಿಲ್ಲ, ನಾನ್ಯಾಕೆ ನೋಡ್ಲಿ?" ಬಿಲ್ಲೆಯನ್ನು ಹೆಕ್ಕಿಕೊಂಡು, ಮಗನ ಅಂಗಡಿಯ ಗೋಂದು ಹಚ್ಚಿ, ಕಣ್ಣು ಗೋಡೆಯ ಕಡೆಗೇ ಇಟ್ಟುಕೊಂಡು, ಬೆರಳಲ್ಲಿ ತಡವಿ ತಡವಿ ಕೂರಿಸಿ, ಅಂಟುವ ತನಕ ಒತ್ತಿ ಹಿಡಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಅವತ್ತು ಅಂಗೈಯೊಂದನ್ನು ಪಕ್ಕಕ್ಕೆ ಸರಿಸಿದ್ದರೆ ಬೀಗತಿ ಬಾಯಿ ಮುಚ್ಚುತ್ತಿದ್ದರು, ಚಿಗವ್ವನ ಹೆದರಿಕೆ ಹೋಗುತ್ತಿತ್ತು, ಅಜ್ಜಿ ಮತ್ತೆ ತಾನೇ ದಿಂಬು ಎತ್ತಿ ಚೂರಿ ಇಡುತ್ತಿದ್ದಳು. ಅಷ್ಟು ವರ್ಷ ಅದನ್ನು ತನ್ನ ತಲೆಯ ಕೆಳಗೆ ಬಚ್ಚಿಟ್ಟುಕೊಳ್ಳಬೇಕಾಗಿರಲಿಲ್ಲ. ಮೈಲಾರಪ್ಪ ಹೇಳಿದ್ದು ನಿಜ, ಬಿದ್ದ ಕೋಡೇ ಅದು, ನಾನು ಕಣ್ಣಾರೆ ಕಂಡೆ ಎಂದು ಅವಳಿಗೆ ಹೇಳಬೇಕೆನಿಸುತ್ತದೆ. ಹೇಳಿದ್ದರೂ ಅವಳು ಹಿಗ್ಗುತ್ತಿರಲಿಲ್ಲ. ಹಣ್ಣು ಸೀಳುತ್ತಿದ್ದ ಕೈ ನಿಲ್ಲಿಸದೆ, ತಲೆ ಎತ್ತದೆ, "ನೀ ಯಾಕ ನೋಡಿದಿ?" ಎಂದು ಕೇಳುತ್ತಿದ್ದಳು.